ಹಳೆಯ ಕಾರು ಮತ್ತು 'ಸಂಪೂರ್ಣ ನಷ್ಟ'ದ ತೀರ್ಮಾನ: ವಿಮೆದಾರನು ತಿಳಿದಿರಬೇಕಾದ ಲೆಕ್ಕ

2020ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ನದಿಗಳು ಉಕ್ಕಿ ಹರಿದುದನ್ನು ಕಂಡ ನಮ್ಮ ಭಾಗದ ವರ್ತಕರಿಗೆ, ಎಂಜಿನ್ನಿಗೆ ನೀರು ನುಗ್ಗಿದ ವಾಹನದ ಗತಿ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾಹವಿಲ್ಲದ ವರ್ಷಗಳಲ್ಲಿಯೂ ವಾಡಿ, ಶಹಾಬಾದ, ಸೇಡಂ ರಸ್ತೆಗಳಲ್ಲಿ ಸಿಮೆಂಟು ಮತ್ತು ಕಲ್ಲಿನ ಲಾರಿಗಳ ನಡುವೆ ಕಾರು ಓಡಿಸುವುದು ಸುಲಭದ ಮಾತಲ್ಲ. ಕಾಳಗಿ, ಚಿಂಚೋಳಿ, ಚಿತ್ತಾಪುರಗಳ ತೊಗರಿ ವ್ಯಾಪಾರಿಯಾಗಲಿ ಕಲ್ಲು ಪಾಲಿಶ್ ಘಟಕದ ಮಾಲೀಕನಾಗಲಿ ವಸೂಲಿಗೂ ಮಾರುಕಟ್ಟೆಗೂ ಬಳಸುವ ಕಾರು ಸಾಮಾನ್ಯವಾಗಿ ಎಂಟು ಹತ್ತು ವರ್ಷ ಹಳೆಯದೇ ಆಗಿರುತ್ತದೆ. ಅಂತಹ ಕಾರು ಅಪಘಾತಕ್ಕೀಡಾದ ಮೇಲೆ, "ದುರಸ್ತಿಯು ಲಾಭದಾಯಕವಲ್ಲವಾದ ಕಾರಣ ಕ್ಲೇಮನ್ನು ಸಂಪೂರ್ಣ ನಷ್ಟವೆಂದು ಪರಿಗಣಿಸಲಾಗಿದೆ" ಎಂಬರ್ಥದ ಪತ್ರವು ವಿಮಾ ಕಂಪನಿಯಿಂದ ಬಂದರೆ ಮಾಲೀಕನಿಗೆ ದಿಗ್ಭ್ರಮೆಯಾಗುವುದು ಸಹಜ. ಕಾರನ್ನು ಎಷ್ಟು ಜೋಪಾನದಿಂದ ಇಟ್ಟುಕೊಂಡಿದ್ದೆನೆಂದು ಆತನು ಹೇಳತೊಡಗುತ್ತಾನೆ. ದುರದೃಷ್ಟವಶಾತ್ ಆ ಮಾತಿಗೆ ಪಾಲಿಸಿಯಲ್ಲಿ ಸ್ಥಾನವಿಲ್ಲ. ಅಲ್ಲಿ ಸ್ಥಾನವಿರುವುದು ಎರಡು ಅಂಕಿಗಳಿಗೆ ಮಾತ್ರ.

ಮೊದಲನೆಯದು, ವಾಹನದ ವಿಮಾ ಘೋಷಿತ ಮೌಲ್ಯ, ಅಂದರೆ ಪಾಲಿಸಿಯ ಮೊದಲ ಪುಟದಲ್ಲಿ 'ಐಡಿವಿ' ಎಂದು ನಮೂದಾಗಿರುವ ಮೊತ್ತ. 2002ರ ಜುಲೈ 1ರಿಂದ ಜಾರಿಗೆ ಬಂದ ಅಖಿಲ ಭಾರತ ಮೋಟಾರು ಟ್ಯಾರಿಫ್ ಇದಕ್ಕೆ ಸವಕಳಿ ಕೋಷ್ಟಕವೊಂದನ್ನು ಗೊತ್ತುಪಡಿಸಿತು. ಆರು ತಿಂಗಳೊಳಗಿನ ವಾಹನಕ್ಕೆ ಶೇ. 5ರಿಂದ ಆರಂಭವಾಗಿ ನಾಲ್ಕರಿಂದ ಐದು ವರ್ಷದ ವಾಹನಕ್ಕೆ ಶೇ. 50ರವರೆಗೆ ಅದು ಏರುತ್ತದೆ. ಐದು ವರ್ಷ ಮೀರಿದ ವಾಹನಕ್ಕೆ ಕೋಷ್ಟಕವೇ ಇಲ್ಲ. ಅದರ ಮೌಲ್ಯವನ್ನು ಕಂಪನಿ ಮತ್ತು ವಿಮೆದಾರ ಪರಸ್ಪರ ಒಪ್ಪಿ ನಿಗದಿಪಡಿಸಬೇಕು. 2007ರ ಜನವರಿಯಿಂದ ಸ್ವಂತ ಹಾನಿ ವಿಮೆಯ ಪ್ರೀಮಿಯಂ ದರವು ಮುಕ್ತವಾದರೂ ಪಾಲಿಸಿಯ ಈ ಒಕ್ಕಣೆಯು ಬಹುಮಟ್ಟಿಗೆ ಹಾಗೆಯೇ ಉಳಿದು ಬಂದಿದೆ. ಆದುದರಿಂದ ಹಳೆಯ ಕಾರಿನ ವಿವಾದದ ಬೀಜ ಬಿತ್ತನೆಯಾಗುವುದು ಅಪಘಾತದ ದಿನವಲ್ಲ, ಪಾಲಿಸಿ ನವೀಕರಣದ ದಿನ. ಪ್ರೀಮಿಯಂನಲ್ಲಿ ಕೆಲವು ನೂರು ರೂಪಾಯಿ ಉಳಿಸುವ ಸಲುವಾಗಿ ಮೂರೂವರೆ ಲಕ್ಷ ಬಾಳುವ ಕಾರನ್ನು ಎರಡು ಲಕ್ಷ ನಲವತ್ತು ಸಾವಿರಕ್ಕೆ ಒಪ್ಪಿಕೊಂಡವನು, ಆಮೇಲೆ ಪೇಟೆಯ ಬೆಲೆಯನ್ನು ತೋರಿಸಿ ಹೆಚ್ಚಿನ ಹಣ ಕೇಳುವಂತಿಲ್ಲ.

ಎರಡನೆಯ ಅಂಕಿ ಶೇ. 75. ವಾಹನವನ್ನು ಅಪಘಾತದ ಸ್ಥಳದಿಂದ ತರುವ ಹಾಗೂ ದುರಸ್ತಿ ಮಾಡುವ ಒಟ್ಟು ವೆಚ್ಚವು, 'ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು', ಘೋಷಿತ ಮೌಲ್ಯದ ಶೇ. 75ನ್ನು ಮೀರಿದರೆ ಮಾತ್ರ ಅದನ್ನು ಪರಿಭಾವಿತ ಸಂಪೂರ್ಣ ನಷ್ಟವೆಂದು ಪರಿಗಣಿಸಬೇಕು. ನಡುವೆ ಬರುವ 'ಷರತ್ತುಗಳಿಗೆ ಒಳಪಟ್ಟು' ಎಂಬ ಮಾತನ್ನು ಅನೇಕರು ಓದದೆ ಬಿಡುತ್ತಾರೆ. ಬಿಡಿಭಾಗಗಳ ಮೇಲಿನ ಸವಕಳಿಯೂ ಪಾಲಿಸಿಯ ಒಂದು ಷರತ್ತೇ. ಆದಕಾರಣ ತುಲನೆ ಮಾಡಬೇಕಾದದ್ದು ಗ್ಯಾರೇಜಿನ ಅಂದಾಜು ಪಟ್ಟಿಯ ಒಟ್ಟು ಮೊತ್ತವನ್ನಲ್ಲ, ಸವಕಳಿ ಕಳೆದ ನಂತರ ಕಂಪನಿಯು ನಿಜವಾಗಿ ಹೊರಬೇಕಾದ ಮೊತ್ತವನ್ನು ಎಂದು ವಿಮೆದಾರನು ವಾದಿಸಬಹುದು.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಎಂಟು ವರ್ಷದ ಕಾರು. ಘೋಷಿತ ಮೌಲ್ಯ 2,40,000 ರೂ.; ಅದರ ಶೇ. 75 ಎಂದರೆ 1,80,000 ರೂ. ಅಧಿಕೃತ ಮಾರಾಟಗಾರರ ವರ್ಕ್‌ಶಾಪ್ ನೀಡಿದ ಅಂದಾಜು, ತೆರಿಗೆ ಸೇರಿ 2,60,000 ರೂ. ಮೇಲ್ನೋಟಕ್ಕೆ ವಿಷಯ ಮುಗಿದೇ ಹೋಯಿತು. ಆದರೆ ಪಟ್ಟಿಯನ್ನು ಬಿಡಿಸಿ ನೋಡಿದಾಗ ಲೋಹದ ಭಾಗಗಳು 1,30,000, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳು 60,000, ಗಾಜು 10,000, ಕೂಲಿ 40,000, ಬಣ್ಣ 20,000 ಎಂದಿದೆ ಎನ್ನೋಣ. ಐದರಿಂದ ಹತ್ತು ವರ್ಷದ ವಾಹನದ ಲೋಹದ ಭಾಗಗಳಿಗೆ ಶೇ. 40 ಸವಕಳಿ, ಉಳಿಯುವುದು 78,000. ಪ್ಲಾಸ್ಟಿಕ್, ರಬ್ಬರ್‌ಗೆ ವಾಹನದ ವಯಸ್ಸು ಎಷ್ಟೇ ಇರಲಿ ಶೇ. 50, ಉಳಿಯುವುದು 30,000. ಗಾಜಿಗೆ ಸವಕಳಿ ಇಲ್ಲ. ಕೂಲಿಗೂ ಇಲ್ಲ. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯೆಂದು ಹಿಡಿದು ಅದರ ಮೇಲೆ ಮಾತ್ರ ಶೇ. 50 ಕಳೆಯಬೇಕು, ಅಂದರೆ 2,500 ಕಳೆದು 17,500. ವಾಹನ ಎಳೆದು ತಂದ ಬಾಬ್ತು ಖಾಸಗಿ ಕಾರಿಗೆ ಪ್ರಮಾಣಿತ ಪಾಲಿಸಿ ಒಪ್ಪುವ ಗರಿಷ್ಠ 1,500ನ್ನು ಕೂಡಿಸಿದರೆ ಒಟ್ಟು 1,77,000 ರೂ. ಇದು 1,80,000ಕ್ಕಿಂತ ಕಡಿಮೆ. ಈ ಲೆಕ್ಕದ ಪ್ರಕಾರ ಕಾರು ಸಂಪೂರ್ಣ ನಷ್ಟವಲ್ಲ. ದುರಸ್ತಿಯ ಕ್ಲೇಮು ಸಲ್ಲುತ್ತದೆ. ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆ ಪಡೆದಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ, ಆದರೆ ಹಳೆಯ ಕಾರುಗಳಿಗೆ ಅದು ದೊರೆಯುವುದು ವಿರಳ.

ಇಷ್ಟಾದರೂ ದುರಸ್ತಿಯೇ ಲಾಭವೆಂದು ಅವಸರಪಡಬಾರದು. ಮೇಲಿನ ಉದಾಹರಣೆಯಲ್ಲಿ ಮಾಲೀಕನು ತನ್ನ ಕೈಯಿಂದ ಸುಮಾರು 84,000 ರೂ. ಹಾಕಬೇಕಾಗುತ್ತದೆ. ಸಂಪೂರ್ಣ ನಷ್ಟವನ್ನು ಒಪ್ಪಿದರೆ ಕಡ್ಡಾಯ ಕಡಿತ ಕಳೆದು 2,40,000 ರೂ. ಬರುತ್ತದೆ, ಕಾರು ಹೋಗುತ್ತದೆ. ಅದೇ ಸ್ಥಿತಿಯ ಕಾರು ಕಲಬುರಗಿಯ ಪೇಟೆಯಲ್ಲಿ ಎರಡೂವರೆ ಲಕ್ಷಕ್ಕೆ ಸಿಗುವುದಾದರೆ ಜಗಳವಾಡುವುದು ವ್ಯರ್ಥ; ಮೂರೂವರೆ ಲಕ್ಷವಾಗುವುದಾದರೆ ಹೋರಾಟಕ್ಕೆ ಅರ್ಥವಿದೆ. ಕಾರಿನ ಮೂಲ ಚೌಕಟ್ಟೇ ಸೊಟ್ಟಗಾಗಿದ್ದರೆ ಮಾತ್ರ ಲೆಕ್ಕ ಏನೇ ಹೇಳಲಿ, ಅದನ್ನು ಬಿಟ್ಟುಕೊಡುವುದೇ ಲೇಸೆಂದು ಈ ಲೇಖಕನ ಅಭಿಪ್ರಾಯ. ಅದರಲ್ಲಿ ಕುಳಿತು ಹೋಗುವವರು ನಮ್ಮ ಮನೆಯ ಮಂದಿ.

ಘೋಷಿತ ಮೌಲ್ಯವನ್ನೇ ಕಡಿತಗೊಳಿಸಿದರೆ?

ಕೆಲವೊಮ್ಮೆ ಸಂಪೂರ್ಣ ನಷ್ಟವೆಂದು ಹೇಳಿದ ಮೇಲೆಯೂ 'ಅಪಘಾತದ ದಿನದ ಪೇಟೆಯ ಬೆಲೆ' ಎಂಬ ನೆಪದಿಂದ ಘೋಷಿತ ಮೌಲ್ಯಕ್ಕಿಂತ ಕಡಿಮೆ ಹಣ ನೀಡಲು ಮುಂದಾಗುವುದುಂಟು. ಇಲ್ಲಿ ವಿಮೆದಾರನ ನೆಲೆ ಭದ್ರವಾಗಿದೆ. ಸಂಪೂರ್ಣ ನಷ್ಟದ ಕ್ಲೇಮಿಗೆ ಪಾಲಿಸಿಯ ಅವಧಿಯುದ್ದಕ್ಕೂ ಘೋಷಿತ ಮೌಲ್ಯವನ್ನೇ ಪೇಟೆಯ ಬೆಲೆಯೆಂದು, ಮತ್ತೆ ಸವಕಳಿ ಕಳೆಯದೆ, ಪರಿಗಣಿಸಬೇಕೆಂದು ಪ್ರಮಾಣಿತ ಪಾಲಿಸಿಯೇ ಹೇಳುತ್ತದೆ. ಧರ್ಮೇಂದ್ರ ಗೋಯಲ್ ವಿರುದ್ಧ ಓರಿಯೆಂಟಲ್ ಇನ್ಶೂರೆನ್ಸ್ ಪ್ರಕರಣದಲ್ಲಿ (2008) ಸರ್ವೋಚ್ಚ ನ್ಯಾಯಾಲಯವು, ನವೀಕರಣದ ಕಾಲಕ್ಕೆ ಒಂದು ಮೌಲ್ಯವನ್ನು ಒಪ್ಪಿ ಅದರ ಮೇಲೆ ಪ್ರೀಮಿಯಂ ಪಡೆದ ಕಂಪನಿಯು ಕೆಲವೇ ತಿಂಗಳ ನಂತರ ಅದನ್ನು ಮನಸೋ ಇಚ್ಛೆ ತಗ್ಗಿಸಲಾಗದೆಂಬ ನಿಲುವನ್ನು ತಳೆಯಿತು. ಕಾರಿನ ಅವಶೇಷವನ್ನು ಮಾಲೀಕನೇ ಇಟ್ಟುಕೊಳ್ಳುವುದಾದರೆ ಅದರ ಗುಜರಿ ಬೆಲೆಯನ್ನು ಕಳೆದು ಹಣ ಕೊಡುವುದು ನ್ಯಾಯವೇ. ಆ ಬೆಲೆಯನ್ನು ಯಾವ ಹರಾಜಿನ ಆಧಾರದಿಂದ ಹಿಡಿದರೆಂದು ಲಿಖಿತವಾಗಿ ಕೇಳಬೇಕು.

ಅವಶೇಷವನ್ನು ಒಪ್ಪಿಸುವಾಗಲೂ ಎಚ್ಚರ ಅಗತ್ಯ. ನೋಂದಣಿ ಪುಸ್ತಕವನ್ನು ಸಹಿ ಹಾಕಿದ ಖಾಲಿ ನಮೂನೆಗಳೊಂದಿಗೆ ಯಾವುದೋ ಊರಿನ ಗುಜರಿಯವನ ಕೈಗೆ ಕೊಟ್ಟು ಸುಮ್ಮನಾದರೆ, ಅದೇ ಕಾರು ಮತ್ತೆ ರಸ್ತೆಗಿಳಿದು ಅಪಘಾತ ಮಾಡಿದಾಗ ನೋಟಿಸು ನಮ್ಮ ಹೆಸರಿಗೆ ಬರುತ್ತದೆ. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕನೆಂದು ನವೀನ್ ಕುಮಾರ್ ಪ್ರಕರಣದಲ್ಲಿ (2018) ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ವಾಹನವು ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಹದಿನಾಲ್ಕು ದಿನಗಳಲ್ಲಿ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ಪತ್ರವನ್ನು ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆ 1988ರ 55ನೆಯ ಕಲಮು ವಿಧಿಸುತ್ತದೆ.

ಆಕ್ಷೇಪಣೆಯ ದಾರಿ

ಮೊದಲ ಹೆಜ್ಜೆ ಸರ್ವೇಯರ್ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳುವುದು. ವರದಿಯಿಲ್ಲದೆ ವಾದಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ. ಅದರೊಂದಿಗೆ ಬೇರೊಂದು ನಂಬಿಕಸ್ಥ ಗ್ಯಾರೇಜಿನಿಂದ ಬಾಬ್ತುವಾರು ಅಂದಾಜು ಪಡೆದು, ಮೇಲೆ ತೋರಿಸಿದ ರೀತಿಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಸಲ್ಲಿಸಬೇಕು. ಸರ್ವೇಯರ್ ವರದಿಯು ಕಡೆಯ ಮಾತೇನೂ ಅಲ್ಲ. ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಪ್ರದೀಪ್ ಕುಮಾರ್ ಪ್ರಕರಣದಲ್ಲಿ (2009) ಸರ್ವೋಚ್ಚ ನ್ಯಾಯಾಲಯವು ಅದು ಕಂಪನಿಯನ್ನಾಗಲಿ ವಿಮೆದಾರನನ್ನಾಗಲಿ ಕಟ್ಟಿಹಾಕುವುದಿಲ್ಲವೆಂದು ಹೇಳಿದೆ. ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನವೂ ಬಾಡಿಗೆ ಏರುತ್ತಿರುತ್ತದೆ. ಪತ್ರವ್ಯವಹಾರ ಆರಂಭಿಸುವ ಮೊದಲೇ ಗ್ಯಾರೇಜಿನವರೊಡನೆ ಆ ಮಾತು ಮುಗಿಸಿಕೊಳ್ಳಿರಿ. ಗೆದ್ದ ಹಣ ಬಾಡಿಗೆಗೆ ಹೋದರೆ ಗೆಲುವಲ್ಲ.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ವ್ಯಕ್ತಿಗಳಲ್ಲದೆ ಏಕಮಾಲೀಕತ್ವದ ಅಂಗಡಿಗಳು, ಅತಿಸಣ್ಣ ಉದ್ದಿಮೆಗಳು ಕೂಡ ಅಲ್ಲಿಗೆ ಹೋಗಬಹುದು. ಇನ್ನೊಂದು ದಾರಿ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ. ಕಾಲಮಿತಿ ಎರಡು ವರ್ಷ. 2019ರ ಕಾಯ್ದೆಯಡಿ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದಾದ್ದರಿಂದ ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ಚಿಂತೆಯಿಲ್ಲ. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೆ 'ನೀವು ಗ್ರಾಹಕರೇ ಅಲ್ಲ' ಎಂಬ ತಕರಾರು ಬರಬಹುದು. ವಿಮೆಯು ನಷ್ಟವನ್ನು ತುಂಬಿಕೊಳ್ಳಲು ಪಡೆಯುವಂಥದೇ ಹೊರತು ಲಾಭ ಗಳಿಸಲು ಅಲ್ಲವಾದ್ದರಿಂದ ವಾಣಿಜ್ಯ ಸಂಸ್ಥೆಯೂ ಗ್ರಾಹಕನಾಗಬಲ್ಲದೆಂದು ಹರ್ಸೋಲಿಯಾ ಮೋಟರ್ಸ್ ಪ್ರಕರಣದಲ್ಲಿ 2023ರ ಏಪ್ರಿಲಿನಲ್ಲಿ ತೀರ್ಪಾಗಿದೆ. ಆಯೋಗದಲ್ಲಿ ದಾವೆ ಬಾಕಿಯಿರುವಾಗ ಅದೇ ವಿಷಯವನ್ನು ಓಂಬುಡ್ಸ್‌ಮನ್‌ರ ಮುಂದೆ ಒಯ್ಯಲಾಗದು. ಯಾವುದು ಮೊದಲು ಎಂಬುದನ್ನು ಯೋಚಿಸಿ ನಿರ್ಧರಿಸಬೇಕು.

ಈ ನಡುವೆ ಕಂಪನಿಯವರು 'ಪೂರ್ಣ ಮತ್ತು ಅಂತಿಮ ಇತ್ಯರ್ಥ'ವೆಂದು ಮುದ್ರಿಸಿದ ರಸೀದಿಗೆ ಸಹಿ ಕೇಳಬಹುದು. ಮೋಸ, ಅನುಚಿತ ಒತ್ತಡ ಅಥವಾ ತಪ್ಪು ನಿರೂಪಣೆಯಿಂದ ಪಡೆದ ಅಂತಹ ಸಹಿಯು ವಿಮೆದಾರನ ಹಕ್ಕನ್ನು ಕಸಿಯದೆಂದು ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ (1999) ತೀರ್ಪು ಬಂದಿದೆಯಾದರೂ, ಒತ್ತಡವನ್ನು ರುಜುವಾತುಪಡಿಸುವ ಹೊಣೆ ಸಹಿ ಹಾಕಿದವನದೇ. ಹಣದ ತುರ್ತಿದ್ದರೆ 'ಆಕ್ಷೇಪಣೆಯನ್ನು ಕಾಯ್ದಿರಿಸಿ ಸ್ವೀಕರಿಸಿದ್ದೇನೆ' ಎಂದು ಸಹಿಯ ಮೇಲೆಯೇ ಬರೆದು, ಅದರ ನಕಲನ್ನು ಅದೇ ದಿನ ನೋಂದಾಯಿತ ಅಂಚೆಯಲ್ಲಿ ಕಂಪನಿಗೆ ಕಳುಹಿಸಿರಿ.