ಸರ್ಫಿಂಗ್ ಹಲಗೆಯ ಮೂಲಕ ಸಾಂದ್ರತೆಯ ಬೋಧನೆ: ಒಂದು ಅಭ್ಯಾಸ ಪಾಠದ ಅವಲೋಕನ

ಒಂಬತ್ತನೇ ತರಗತಿಗೆ ಸಾಂದ್ರತೆ ಮತ್ತು ತೇಲುವಿಕೆಯನ್ನು ಬೋಧಿಸಲು ನಾನು ಸರ್ಫಿಂಗ್ ಹಲಗೆಯನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಅಭ್ಯಾಸ ಶಾಲೆ ಮೂಲ್ಕಿಯ ಆಸುಪಾಸಿನಲ್ಲಿದ್ದುದರಿಂದ ಹಲವು ಮಕ್ಕಳು ಸಸಿಹಿತ್ಲು ಕಡಲತೀರದಲ್ಲಿ ಸರ್ಫಿಂಗ್ ಸ್ಪರ್ಧೆ ನೋಡಿದ್ದರು. 'ಹಲಗೆ ಹಗುರವಾದಷ್ಟೂ ಉತ್ತಮ' ಎಂಬುದು ಪಾಠ ಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ತೀರ್ಮಾನ.

ವಿಷಯ ನಿರೂಪಣೆ: ಹವಾಯಿಯವರು ಇಡೀ ಮರದ ಹಲಗೆ ಬಳಸುತ್ತಿದ್ದರು. ಮುಂದೆ ಹಗುರವಾದ ಬಾಲ್ಸಾ ಮರ ಬಂತು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮ್ ತಿರುಳನ್ನು ಬಳಕೆಗೆ ತಂದರು. ಅಮೆರಿಕದ ಬಹುಪಾಲು ತಯಾರಕರಿಗೆ ತಿರುಳು ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ ಕಾರ್ಖಾನೆ 2005ರ ಡಿಸೆಂಬರ್ 5ರಂದು ದಿಢೀರನೆ ಮುಚ್ಚಿತು. ಆ ಬಳಿಕ ಪಾಲಿಸ್ಟೈರೀನ್ ತಿರುಳಿಗೆ ಎಪಾಕ್ಸಿ ರಾಳದ ಹೊದಿಕೆ ಹಾಕಿದ ಹಲಗೆಗಳು ಹೆಚ್ಚಾದವು. ಈ ಪಾಲಿಸ್ಟೈರೀನ್ ಎಂದರೆ ನಮ್ಮ ಥರ್ಮಾಕೋಲೇ.

ಚಟುವಟಿಕೆ: ಹಲಗೆಯ ಗಾತ್ರ 30 ಲೀಟರ್ ಎಂದಿಟ್ಟುಕೊಂಡು, ಅಂದಾಜು ಸಾಂದ್ರತೆಗಳನ್ನು ಕೊಟ್ಟು, ಹೊದಿಕೆ ಬಿಟ್ಟು ತಿರುಳಿನ ದ್ರವ್ಯರಾಶಿಯನ್ನಷ್ಟೇ ಲೆಕ್ಕ ಹಾಕಿಸಿದೆ.

ಬಾಲ್ಸಾ (ಘನ ಮೀಟರಿಗೆ 160 ಕಿ.ಗ್ರಾಂ): 4.8 ಕಿ.ಗ್ರಾಂ
ಪಾಲಿಯುರೆಥೇನ್ (45 ಕಿ.ಗ್ರಾಂ): 1.35 ಕಿ.ಗ್ರಾಂ
ಥರ್ಮಾಕೋಲ್ (25 ಕಿ.ಗ್ರಾಂ): 0.75 ಕಿ.ಗ್ರಾಂ

ಪೂರ್ತಿ ಮುಳುಗಿಸಿದರೆ ಮೂರೂ ಪಲ್ಲಟಗೊಳಿಸುವುದು 30 ಲೀಟರ್ ನೀರನ್ನೇ. ಆದ್ದರಿಂದ ಮೇಲ್ಮುಖ ಬಲವೂ ಒಂದೇ. ಮರದಿಂದ ಫೋಮ್‌ಗೆ ಬಂದಾಗ ಸುಮಾರು ಮೂರೂವರೆ ಕಿ.ಗ್ರಾಂ ಉಳಿಯಿತು. ಅಲ್ಲಿಂದ ಥರ್ಮಾಕೋಲ್‌ಗೆ ಬಂದಾಗ ಉಳಿದದ್ದು 600 ಗ್ರಾಂ ಮಾತ್ರ. "ಇನ್ನು ತೂಕ ಇಳಿಸಿ ಲಾಭ ಇಲ್ಲವಲ್ಲ ಟೀಚರ್!" ಎಂದ ಒಬ್ಬ. ನನ್ನ ತೀರ್ಮಾನ ಅಲ್ಲಿಗೇ ಸಡಿಲವಾಯಿತು.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಟೀಚರ್, ಹಲಗೆ ತುಂಡಾದ್ರೆ ಮತ್ತೆ ಎಲ್ಲಿಗೆ ಹೋಗುದು?" ಅವಳ ಮನೆಯವರದು ಮೀನುಗಾರಿಕೆ. ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳು ಪುಡಿಯಾಗಿ ಮರಳಿನಲ್ಲಿ ಬೆರೆಯುವುದನ್ನು ಅವಳು ದಿನವೂ ಕಾಣುತ್ತಾಳೆ. ನನ್ನಲ್ಲಿ ಉತ್ತರ ಇರಲಿಲ್ಲ. "ನಾಳೆ ಹೇಳುತ್ತೇನೆ" ಎಂದೆ.

ಮರುದಿನ ಹತ್ತು ನಿಮಿಷ ಅದಕ್ಕೇ ಮೀಸಲಿಟ್ಟೆ. ತಿರುಳು, ಗಾಜಿನ ನಾರಿನ ಬಟ್ಟೆ, ರಾಳ ಈ ಮೂರೂ ಬಿಡಿಸಲಾಗದಂತೆ ಅಂಟಿಕೊಳ್ಳುವುದೇ ಹಲಗೆಯ ಬಲ. ಮುರಿದ ಹಲಗೆಯ ಮರುಬಳಕೆ ಕಷ್ಟವಾಗುವುದೂ ಅದರಿಂದಲೇ. ಮರುಬಳಕೆಯ ಥರ್ಮಾಕೋಲ್, ಅಗಸೆ ನಾರಿನ ಬಟ್ಟೆ, ಸಸ್ಯಮೂಲದ ಅಂಶವಿರುವ ರಾಳ ಈಗಾಗಲೇ ಬಳಕೆಗೆ ಬಂದಿವೆ. ಆದರೆ ಅಂಟನ್ನು ಬಿಡಿಸುವ ಸಮಸ್ಯೆ ಇದರಿಂದ ತೀರುವುದಿಲ್ಲ. ಗಟ್ಟಿಯಾಗಿದ್ದೂ ಕೊನೆಗೆ ಬಿಡಿಸಬಹುದಾದ ಹಲಗೆಯನ್ನು ಮಾಡುವುದೇ ಮುಂದಿನ ವಿನ್ಯಾಸಕಾರರ ಕೆಲಸ ಎಂದು ನನಗನಿಸುತ್ತದೆ.

ಪರಿಷ್ಕೃತ ಪಾಠ ಯೋಜನೆಯಲ್ಲಿ 'ಹಗುರವಾದಷ್ಟೂ ಉತ್ತಮ' ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಮೌಲ್ಯಮಾಪನಕ್ಕೆ ಆ ಹುಡುಗಿಯ ಪ್ರಶ್ನೆಯನ್ನೇ ಸೇರಿಸಿದ್ದೇನೆ. ವಸ್ತುವಿನ ಗುಣಗಳನ್ನು ಕಲಿಸುವಾಗ ಅದರ ಕೊನೆಯನ್ನೂ ಕೇಳಿಸಬೇಕೆಂಬುದು ಈ ಪಾಠದಿಂದ ನಾನು ಕಲಿತದ್ದು.