ಸರೋವರದ ಜೀವರಕ್ಷಕ ದೋಣಿ

ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಅದರ ಆಳದಲ್ಲಿ ಅಡಗಿದೆಯೆಂದು ಹೇಳುವ ವಿಚಿತ್ರ ಪ್ರಾಣಿ. ಪ್ರಾಣಿಯ ಮಾತು ಹೇಗಾದರೂ ಇರಲಿ. ಆ ನೀರಿನಲ್ಲಿ ನಿಜವಾಗಿ ಇರುವ ಅಪಾಯವೇ ಬೇರೆ. ಆ ಅಪಾಯವನ್ನೂ ಅದನ್ನು ಎದುರಿಸಲು ಅಲ್ಲಿಯ ದುಡಿಯುವ ಜನರು ಮಾಡಿಕೊಂಡ ಏರ್ಪಾಡನ್ನೂ ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಸರೋವರವು ಸೌಮ್ಯವಲ್ಲ

ಕಡಲಿಗೆ ಅಂಜುವವರು ಸಹ ಸರೋವರಕ್ಕೆ ಅಂಜುವುದಿಲ್ಲ. ದಡವು ಕಣ್ಣೆದುರಿಗೇ ಇರುವುದೇ ಇದಕ್ಕೆ ಕಾರಣ. ಲಾಕ್ ನೆಸ್ಸಿನ ಉದ್ದ ಸುಮಾರು 36 ಕಿಲೋಮೀಟರು. ಅಗಲ ಹೆಚ್ಚಿನ ಕಡೆ ಒಂದೂವರೆ ಕಿಲೋಮೀಟರು. ಆಳವೋ 220 ಮೀಟರಿಗೂ ಮಿಕ್ಕಿದ್ದು. ಎರಡೂ ಮಗ್ಗುಲಿಗೆ ಬೆಟ್ಟಗಳಿರುವುದರಿಂದ ನೈಋತ್ಯದ ಗಾಳಿಯು ಓಣಿಯೊಳಗೆ ನುಗ್ಗಿದಂತೆ ನುಗ್ಗುತ್ತದೆ. ಅಲೆಗಳು ಒಂದರ ಹಿಂದೊಂದು ಒತ್ತಾಗಿ, ಕಡಿದಾಗಿ ಏಳುತ್ತವೆ. 1822ರಲ್ಲಿ ತೆರೆದ ಕ್ಯಾಲಡೋನಿಯನ್ ಕಾಲುವೆಯು ಈ ಸರೋವರದ ಮೂಲಕವೇ ಹಾದುಹೋಗುತ್ತದೆ. ಆದುದರಿಂದ ನುರಿತ ನಾವಿಕರ ಜೊತೆಗೆ, ರಜೆಗೆಂದು ಬಾಡಿಗೆ ದೋಣಿ ಹಿಡಿದ ಅನುಭವವಿಲ್ಲದವರೂ ಇಲ್ಲಿ ಸಂಚರಿಸುತ್ತಾರೆ.

ಎಲ್ಲಕ್ಕಿಂತ ಮಿಗಿಲಾದ ವೈರಿ ಚಳಿ. ಬೇಸಿಗೆಯಲ್ಲಿಯೂ ಇಲ್ಲಿಯ ಆಳದ ನೀರು 6 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಇರುತ್ತದೆ. ತಣ್ಣೀರಿಗೆ ಥಟ್ಟನೆ ಬಿದ್ದವನಿಗೆ ತನ್ನ ಇಚ್ಛೆಯಿಲ್ಲದೆಯೇ ಏದುಸಿರು ಹತ್ತುತ್ತದೆ. ಆ ಹೊತ್ತಿಗೆ ಬಾಯಿ ನೀರೊಳಗಿದ್ದರೆ ಉಸಿರಿನ ಬದಲು ನೀರು ಒಳಸೇರುತ್ತದೆ. ಬಳಿಕ ಕೆಲವು ನಿಮಿಷಗಳಲ್ಲಿ ಕೈಕಾಲುಗಳ ಬಲ ಕುಂದುತ್ತದೆ. ಒಳ್ಳೆಯ ಈಜುಗಾರನೂ ದಡದ ಹತ್ತಿರವೇ ಮುಳುಗುವುದಕ್ಕೆ ಇದು ಕಾರಣ.

ನಿಲ್ದಾಣ ಬಂದ ಬಗೆ

1824ರಲ್ಲಿ ಸರ್ ವಿಲಿಯಂ ಹಿಲರಿ ಎಂಬವರ ಪ್ರಯತ್ನದಿಂದ ಬ್ರಿಟನ್ನಿನಲ್ಲಿ ಒಂದು ಜೀವರಕ್ಷಕ ಸಂಸ್ಥೆ ಹುಟ್ಟಿತು. ಅದೇ ಇಂದಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ಹೆಸರಿನಲ್ಲಿ ರಾಜಮರ್ಯಾದೆಯಿದ್ದರೂ ಅದು ಸರಕಾರದ ಇಲಾಖೆಯಲ್ಲ. ಮುಖ್ಯವಾಗಿ ಜನರ ವಂತಿಗೆಯಿಂದ ನಡೆಯುವ ಧರ್ಮಸಂಸ್ಥೆ. ಇದುವರೆಗೆ ಅದು 1,40,000ಕ್ಕೂ ಹೆಚ್ಚು ಜೀವಗಳನ್ನು ಉಳಿಸಿದೆ. ಬಹುಕಾಲ ಕಡಲತೀರವೇ ಅದರ ಕಾರ್ಯಕ್ಷೇತ್ರವಾಗಿತ್ತು. 2001ರಲ್ಲಿ ಉತ್ತರ ಐರ್ಲೆಂಡಿನ ಅರ್ನ್ ಸರೋವರದಲ್ಲಿ, 2004ರಲ್ಲಿ ಐರ್ಲೆಂಡಿನ ಡರ್ಗ್ ಸರೋವರದಲ್ಲಿ ನಿಲ್ದಾಣಗಳಾದವು. 2008ರಲ್ಲಿ ಲಾಕ್ ನೆಸ್ಸಿನ ದಂಡೆಯ ಡ್ರಮ್‌ನಡ್ರೋಕಿಟ್ ಊರಿನ ಬಳಿಯೂ ನಿಲ್ದಾಣ ಬಂದಿತು.

ಕೆಲಸದ ಕ್ರಮ

ದೋಣಿಯ ತಂಡದವರು ಸ್ವಯಂಸೇವಕರು. ಅವರಿಗೆ ಅವರವರ ಉದ್ಯೋಗವುಂಟು, ಹೆಂಡಿರು ಮಕ್ಕಳುಂಟು. ಅಪಾಯದಲ್ಲಿರುವವರು 999ಕ್ಕೆ ಟೆಲಿಫೋನು ಮಾಡಿ ಕರಾವಳಿ ಕಾವಲುಪಡೆಯನ್ನು ಕೇಳಿದರೆ, ಸ್ವಯಂಸೇವಕರ ಬಳಿಯಿರುವ ಪುಟ್ಟ ಯಂತ್ರವು ಗಿರಣಿಯ ಭೋಂಗಾದಂತೆ ಕೂಗಿ ಕರೆಯುತ್ತದೆ. ಹಗಲಾಗಲಿ ಇರುಳಾಗಲಿ, ಹಿಡಿದ ಕೆಲಸವನ್ನು ಬಿಟ್ಟು ಅವರು ನಿಲ್ದಾಣಕ್ಕೆ ಧಾವಿಸುತ್ತಾರೆ. ನೀರು ಒಳಬಾರದ ಉಡುಪನ್ನೂ ತೇಲುವ ಕವಚವನ್ನೂ ತೊಟ್ಟು ಹೊರಡುತ್ತಾರೆ.

ಒಳನಾಡಿನ ನೀರಿನಲ್ಲೂ ಬಳಸುವ ‘ಅಟ್ಲಾಂಟಿಕ್ 85’ ಬಗೆಯ ದೋಣಿಗೆ ತಳ ಗಟ್ಟಿಯಾದದ್ದು, ಸುತ್ತಲೂ ಗಾಳಿ ತುಂಬಿದ ಕೊಳವೆ. ಎರಡು ಎಂಜಿನುಗಳ ಬಲದಿಂದ ಗಂಟೆಗೆ ಸುಮಾರು 65 ಕಿಲೋಮೀಟರು ಓಡುತ್ತದೆ. ಮಗುಚಿದರೂ ಒಂದು ಗಾಳಿಚೀಲವನ್ನು ಉಬ್ಬಿಸಿ ಅದನ್ನು ಮತ್ತೆ ನೆಟ್ಟಗೆ ಮಾಡಬಹುದು. ಆದರೆ ದೋಣಿಯ ವೇಗಕ್ಕಿಂತ ಬೆಲೆಯುಳ್ಳದ್ದು ತಂಡದವರ ಅಭ್ಯಾಸ. ಯಾರೂ ಮುಳುಗದಿರುವ ದಿನಗಳಲ್ಲಿಯೂ ಅವರು ಕತ್ತಲಲ್ಲಿ, ಮಳೆಯಲ್ಲಿ ಹಗ್ಗ, ದೀಪ, ಶುಶ್ರೂಷೆಗಳ ಕವಾಯತು ನಡೆಸುತ್ತಾರೆ. ಧೈರ್ಯವೆಂಬುದು ಆ ಕ್ಷಣಕ್ಕೆ ಹುಟ್ಟುವ ಗುಣವಲ್ಲ, ಮುಂಚಿತವಾಗಿ ಮಾಡಿಟ್ಟ ಸಿದ್ಧತೆಯ ಫಲ.

ನಾವು ಕಲಿಯತಕ್ಕದ್ದು

ದೋಣಿ ಬರುವ ತನಕ ಬದುಕಿರಬೇಕಾದದ್ದು ನೀರಿಗೆ ಬಿದ್ದವನ ಪಾಲಿನ ಕೆಲಸ. ಆ ಸಂಸ್ಥೆಯು ಜನರಿಗೆ ಕಲಿಸುವ ಮೊದಲ ಪಾಠ, ‘ಈಜಬೇಡ, ತೇಲು’ ಎಂಬುದು. ತಲೆಯನ್ನು ಹಿಂದಕ್ಕೆ ಬಾಗಿಸಿ, ಕಿವಿಗಳು ನೀರಲ್ಲಿ ಮುಳುಗಿದರೂ ಸರಿಯೆ, ಬಾಯಿ ಮೂಗು ಮೇಲಿರಲಿ. ಕೈಕಾಲು ಅಗಲಿಸಿ ಮೆಲ್ಲಗೆ ಆಡಿಸುತ್ತಿರಬೇಕು. ಒಂದೆರಡು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ. ಆಮೇಲೆ ಕೂಗಿ ಕರೆಯಬೇಕು.

ನಮ್ಮೂರ ಕೆರೆಯ ನೀರು ಅಷ್ಟು ತಣ್ಣಗಿರಲಿಕ್ಕಿಲ್ಲ. ಆದರೆ ಗಾಬರಿ ಎಲ್ಲ ಕಡೆಯೂ ಒಂದೇ. ರಜೆಗೆ ಊರಿಗೆ ಹೋದಾಗ ಯಾರಾದರೂ ಮುಳುಗುವುದನ್ನು ಕಂಡರೆ ಹಿಂದುಮುಂದು ನೋಡದೆ ಧುಮುಕಬಾರದು. ಮುಳುಗುವವನು ಕೈಗೆ ಸಿಕ್ಕವನನ್ನು ಬಿಗಿದಪ್ಪಿ ತನ್ನೊಡನೆ ಸೆಳೆಯುತ್ತಾನೆ. ಮೊದಲು ಕೂಗಿ ಜನರನ್ನು ಕೂಡಿಸಬೇಕು. 112ಕ್ಕೆ ಟೆಲಿಫೋನು ಮಾಡಿಸಬೇಕು. ದಡದಲ್ಲಿ ಬೋರಲಾಗಿ ಮಲಗಿ ಬಿದಿರ ಗಳವನ್ನೋ ಧೋತರವನ್ನೋ ಚಾಚಬೇಕು. ದೂರವಿದ್ದರೆ ಹಗ್ಗವನ್ನು, ಇಲ್ಲವೆ ಮುಚ್ಚಳ ಬಿಗಿದ ಖಾಲಿ ಡಬ್ಬವನ್ನು ಎಸೆಯಬೇಕು.

ಅಭ್ಯಾಸಕ್ಕಾಗಿ

1. ದಡ ಹತ್ತಿರವಿದ್ದರೂ ಸರೋವರವು ಏಕೆ ಅಪಾಯಕರ?
2. ತಣ್ಣೀರಿಗೆ ಬಿದ್ದವನು ಮೊದಲ ಎರಡು ನಿಮಿಷ ಏನು ಮಾಡಬೇಕು?
3. ನಿಮ್ಮೂರ ಕೆರೆಯ ಬಳಿ ಒಂದು ಉದ್ದನೆಯ ಹಗ್ಗವನ್ನು ಸದಾ ಇಡುವುದಾದರೆ ಎಲ್ಲಿಡಬೇಕು, ಅದನ್ನು ನೋಡಿಕೊಳ್ಳುವವರು ಯಾರು? ಊರಿಗೆ ಪತ್ರ ಬರೆಯುವಾಗ ಇದನ್ನೂ ವಿಚಾರಿಸಿರಿ.