ಗೋಡೆ ಬೀಳುವ ಮುನ್ನ

ಮಗೂ, ನಿನ್ನ ಕಿರುಚಿತ್ರ ನೋಡಿದೆ. ಮಾಳಿಗೆಯಿಂದ ಹಾರುವ ದೃಶ್ಯಕ್ಕೆ ಎದೆ ಝಲ್ಲೆಂದಿತು. ಕೆಳಗೆ ಹಾಸಿಗೆ ಎಲ್ಲಿರಬೇಕೆಂದು ಅಳೆದವರು ಯಾರು ಅಂತ ಕೇಳಿದರೆ ‘ಅಂದಾಜಿನ ಮೇಲೆ ಹಾಕಿದೆವು ತಾತ’ ಅಂದೆ. ಅವತ್ತಿನಿಂದ ನನಗೆ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ನದೇ ಯೋಚನೆ.

1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ನೋಡು. ಬಿರುಗಾಳಿ ಬೀಸುತ್ತಿದೆ, ಕೀಟನ್ ಮನೆಯೊಂದರ ಮುಂದೆ ಬೆನ್ನು ಹಾಕಿ ನಿಂತಿದ್ದಾನೆ. ಆ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಕವುಚಿ ಬೀಳುತ್ತದೆ. ಮೇಲಂತಸ್ತಿನ ತೆರೆದ ಕಿಟಕಿ ಅವನು ನಿಂತ ಜಾಗಕ್ಕೇ ಬಂದು ಕೂರುತ್ತದೆ. ಗೋಡೆಯ ತೂಕ ಸುಮಾರು ಎರಡು ಟನ್. ಭುಜಕ್ಕೂ ಚೌಕಟ್ಟಿಗೂ ನಡುವೆ ಕೆಲವೇ ಅಂಗುಲ. ಧೂಳು ಏಳುತ್ತದೆ, ಅವನ ಮುಖದ ಒಂದು ನರವೂ ಅಲುಗುವುದಿಲ್ಲ. ನಾನು ಎಷ್ಟು ಸಲ ನೋಡಿದರೂ ಅಲ್ಲಿ ಉಸಿರು ಹಿಡಿಯುತ್ತೇನೆ.

ಆ ಲೆಕ್ಕ ಅವನಿಗೆ ಒಂದು ದಿನದಲ್ಲಿ ಬಂದದ್ದಲ್ಲ. ಹುಟ್ಟಿದ್ದು 1895ರಲ್ಲಿ, ಅಮೆರಿಕದ ಕ್ಯಾನ್ಸಸ್‌ನಲ್ಲಿ. ಅಪ್ಪ ಅಮ್ಮ ರಂಗದ ಮೇಲೆ ಆಡುವವರು. ಅಪ್ಪ ಮಗುವನ್ನೇ ಅತ್ತಿತ್ತ ಎಸೆದು ಜನರನ್ನು ನಗಿಸುತ್ತಿದ್ದ. ಬೀಳುವುದು ಹೇಗೆ ಅಂತ ಹುಡುಗ ಅಲ್ಲೇ ಕಲಿತ. ತಾನು ನಗದಿದ್ದಷ್ಟೂ ಜನ ಹೆಚ್ಚು ನಗುತ್ತಾರೆ ಅನ್ನುವುದನ್ನೂ. 1917ರಲ್ಲಿ ನ್ಯೂಯಾರ್ಕ್‌ನಲ್ಲಿ ಹಾಸ್ಯನಟ ಆರ್ಬಕಲ್ ಜೊತೆ ಸಿನಿಮಾಕ್ಕೆ ಸೇರಿದಾಗ ಅವನು ಮೊದಲು ಮಾಡಿದ ಕೆಲಸಗಳಲ್ಲೊಂದು ಕ್ಯಾಮೆರಾ ಬಿಚ್ಚಿ ನೋಡಿದ್ದು!

ಅಳೆದರೂ ಪೆಟ್ಟು ಬೀಳುತ್ತದಪ್ಪ. ‘ಶೆರ್ಲಾಕ್ ಜೂನಿಯರ್’ ತೆಗೆಯುವಾಗ ರೈಲಿಗೆ ನೀರು ತುಂಬುವ ಕೊಳವೆಯಿಂದ ನೀರು ಧುಮುಕಿ ಅವನನ್ನು ಹಳಿಯ ಮೇಲೆ ಕೆಡವಿತು. ಕತ್ತಿನ ಮೂಳೆ ಮುರಿದಿತ್ತೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಎಕ್ಸ್‌ರೇಯಲ್ಲಿ.

ಆದರೆ ನನ್ನನ್ನು ಕಾಡುವ ಪೆಟ್ಟು ಬೇರೆ. 1928ರಲ್ಲಿ ಎಂಜಿಎಂ ಚಿತ್ರಸಂಸ್ಥೆಯ ಜೊತೆ ಕರಾರಿಗೆ ಸಹಿ ಹಾಕಿದ. ಸಹಿ ಹಾಕಬೇಡವೆಂದು ಚಾಪ್ಲಿನ್ ಹೇಳಿದ್ದನಂತೆ. ಅಲ್ಲಿಯವರೆಗೆ ಕಥೆ, ಚಿತ್ರೀಕರಣ, ಸಂಕಲನ ಎಲ್ಲ ಅವನ ಕೈಯಲ್ಲಿತ್ತು. ಆಮೇಲೆ ಬೇರೆಯವರು ಬರೆದದ್ದನ್ನು ಆಡಬೇಕಾಯಿತು. ಮಾತಿನ ಸಿನಿಮಾ ಬಂದು ಅವನು ಕೆಟ್ಟ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಮಾಡಿದ ಮಾತಿನ ಚಿತ್ರಗಳೂ ದುಡ್ಡು ತಂದವು, ಅವನ ಕೈ ಮಾತ್ರ ಅವುಗಳಲ್ಲಿರಲಿಲ್ಲ. ಕುಡಿತ ಹತ್ತಿತು, ಸಂಸಾರ ಒಡೆಯಿತು, 1933ರಲ್ಲಿ ಕೆಲಸವೂ ಹೋಯಿತು. ಗೋಡೆಯ ಕಿಟಕಿಯನ್ನು ಅಂಗುಲದ ಲೆಕ್ಕದಲ್ಲಿ ಅಳೆಸಿದವನು ಆ ಒಂದು ಕಾಗದವನ್ನು ಅಳೆಯಲಿಲ್ಲ.

ನಿನಗೆ ಆ ಕಂಪನಿಯವರು ಕಳಿಸಿದ ಕರಾರಿಗೆ ಇನ್ನೂ ಸಹಿ ಹಾಕಿಲ್ಲ ತಾನೆ? ಭಾನುವಾರ ತಗೊಂಡು ಬಾ. ಊಟ ಮಾಡಿಕೊಂಡು, ಜಗಲಿಯ ಮೇಲೆ ಕೂತು, ಒಂದೊಂದೇ ಸಾಲು ಓದೋಣ.